ನಾನು ಆರಿಸಿದ ಶೂ

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೈಗೆ ಕೊಡುತ್ತಾ ನನ್ನ ಹೆಂಡತಿ ಮೋಹಿನಿ, ಸ್ಟೆಪ್ ಏರೋಬಿಕ್ಸ್ ಕ್ಲಾಸಿಗೆ ಒಂದು ಜೊತೆ ಶೂ ಬೇಕು, ಸಂಜೆ ತಾನೇ ಹೋಗಿ ತಂದುಕೊಳ್ಳುತ್ತೇನೆ ಎಂದಳು. ಶೂ ಬೇಕೆಂದದ್ದಕ್ಕೆ ನನ್ನ ತಕರಾರಿಲ್ಲ. ಏರೋಬಿಕ್ಸಿಗೂ ಇಲ್ಲ. ಆದರೆ 'ತಾನೇ ಹೋಗಿ' ಎಂದಳಲ್ಲ, ಅದಕ್ಕೆ ನಾನು ಲೋಟ ಕೆಳಗಿಟ್ಟೆ. ನಮ್ಮ ಮನೆಗೆ ಒಂದು ವಸ್ತು ಬರಬೇಕಾದರೆ ಅದನ್ನು ಆರಿಸುವವನು ನಾನು. ಮದುವೆಯಾದಾಗಿನಿಂದ ಈ ಖಾತೆ ನನ್ನ ಬಳಿಯೇ ಇದೆ. (ಹಣಕಾಸು, ಗೃಹ, ವಿದೇಶಾಂಗ ಮೂರೂ ಮೋಹಿನಿಯ ಬಳಿ ಇವೆ. ವಿದೇಶಾಂಗ ಎಂದರೆ ನನ್ನ ತಂಗಿಯರ ಮನೆಗಳ ಜೊತೆಗಿನ ಸಂಬಂಧ.)

ಇದು ಜಂಬದ ಮಾತಲ್ಲ, ರಕ್ತದಲ್ಲಿ ಬಂದದ್ದು. ನಮ್ಮ ತಾತ ದುದ್ದದ ಪುಟ್ಟಮಾದಯ್ಯನವರು ಎತ್ತು ಆರಿಸುವುದರಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಮೂರು ತಾಲ್ಲೂಕಿಗೂ ಹೆಸರಾದವರು. ಅವರಿಗೆ ಸ್ವಂತಕ್ಕಿದ್ದದ್ದು ಅಂಗೈಯಗಲ ಗದ್ದೆ. ಆದರೆ ದೊಡ್ಡ ದೊಡ್ಡ ಜಮೀನಿನವರು ದನದ ಸಂತೆಗೆ ಹೊರಟರೆ ಮೊದಲು ನಮ್ಮ ಜಗುಲಿಗೆ ಬಂದು ತಾತನನ್ನು ಗಾಡಿ ಹತ್ತಿಸಿಕೊಂಡು ಹೋಗುತ್ತಿದ್ದರು. ತಾತ ಎತ್ತಿನ ಮುಖ ನೋಡುತ್ತಿರಲಿಲ್ಲ. ಮೊದಲು ಗೊರಸು, ಆಮೇಲೆ ನಡಿಗೆ. ಹಿಂದಿನಿಂದ ಬಗ್ಗಿ ನೋಡುತ್ತಾ ಅರ್ಧ ಸಂತೆ ಸುತ್ತಿಸುತ್ತಿದ್ದರಂತೆ. ಅವರ ದೊಡ್ಡ ಹೆಚ್ಚುಗಾರಿಕೆ ಎಂದರೆ ಜೋಡಿ ಮಾಡುವುದು. ಒಬ್ಬನೇ ತಂದ ಜೋಡಿಯನ್ನು ಹಾಗೇ ಕೊಳ್ಳುವುದು ಅವರ ಜಾಯಮಾನವಲ್ಲ. ಒಬ್ಬನ ಹತ್ತಿರ ಎಡಕ್ಕೆ ಕಟ್ಟುವ ಎತ್ತು, ಇನ್ನೊಬ್ಬನ ಹತ್ತಿರ ಬಲಕ್ಕೆ ಕಟ್ಟುವುದು, ಎರಡನ್ನೂ ತಂದು ಒಂದೇ ನೊಗಕ್ಕೆ ಹೂಡಿದರೆ ಅವು ಒಂದೇ ತಾಯಿಯ ಮಕ್ಕಳ ಹಾಗೆ ಹೆಜ್ಜೆ ಹಾಕುತ್ತಿದ್ದವು. ಬೆಲೆಯನ್ನೂ ಬಾಯಲ್ಲಿ ಆಡುತ್ತಿರಲಿಲ್ಲ. ಹೆಗಲ ಮೇಲಿನ ಟವೆಲನ್ನು ಕೈಗಳ ಮೇಲೆ ಹೊದಿಸಿ, ಅದರಡಿಯಲ್ಲಿ ವ್ಯಾಪಾರಿಯ ಬೆರಳು ಹಿಡಿದು ಅದುಮಿಯೇ ವ್ಯಾಪಾರ ಮುಗಿಸುತ್ತಿದ್ದರು.

ನಾನು ಮಂಡ್ಯದ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವವನು. ಎತ್ತು ಕೊಳ್ಳುವ ಪ್ರಸಂಗ ನನಗೆ ಬಂದಿಲ್ಲ. ಆದರೆ ವಂಶದ ವಿದ್ಯೆ ಸುಮ್ಮನೆ ಕೂರುತ್ತದೆಯೇ? ನಾನು ತಂದ ಮಿಕ್ಸಿ ಇವತ್ತಿಗೂ ಒಂದು ಸಲ ಕೆಮ್ಮಿಲ್ಲ. ನಾನು ತಂದ ಕುಕ್ಕರು ಹೇಳಿ ಮಾಡಿಸಿದ ಹಾಗೆ ಸಮಯಕ್ಕೆ ಸರಿಯಾಗಿ ಕೂಗುತ್ತದೆ. ನಾನು ಆರಿಸಿದ ರೇಷ್ಮೆ ಸೀರೆಯುಟ್ಟು ಮೋಹಿನಿ ನನ್ನ ತಂಗಿಯ ಮಗನ ಮದುವೆಗೆ ಬಂದಾಗ, ಯಾರ ಆಯ್ಕೆ ಎಂದು ಕೇಳದ ಹೆಂಗಸಿಲ್ಲ. ಸ್ಟಾಫ್ ರೂಮಿನಲ್ಲಿ ಯಾರು ಫ್ರಿಜ್ ಕೊಳ್ಳಬೇಕಾದರೂ ನನ್ನನ್ನು ಒಂದು ಮಾತು ಕೇಳುತ್ತಾರೆ. (ಕೇಳದವರಿಗೆ ನಾನೇ ಹೋಗಿ ಹೇಳುತ್ತೇನೆ.) ಇಂಥ ಮನೆತನದಲ್ಲಿ ಹೆಂಡತಿ ತಾನೇ ಹೋಗಿ ಶೂ ತಂದುಕೊಂಡಳೆಂದರೆ ತಾತನ ಹೆಸರು ಏನಾಗಬೇಕು?

ಈ ಸ್ಟೆಪ್ ಏರೋಬಿಕ್ಸ್ ನಮ್ಮ ಮನೆಗೆ ಹೇಗೆ ಬಂತು ಎನ್ನುವುದನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ಮೋಹಿನಿಗೆ ಸಕ್ಕರೆ ಕಾಯಿಲೆ ಇನ್ನೇನು ಬರುವ ಹಾಗಿದೆ, ಮೈ ಬೆವರುವ ಹಾಗೆ ಏನಾದರೂ ಮಾಡಿ ಎಂದು ಡಾಕ್ಟರು ಹೇಳಿದರು. ಅವಳು ಕೆಲವು ದಿನ ಸ್ಟೇಡಿಯಂ ಸುತ್ತಿದಳು. ಅಲ್ಲಿ ನಡೆಯುವುದಕ್ಕಿಂತ ಪರಿಚಯದವರ ಮನೆ ವಿಷಯ ಕೇಳುವುದೇ ಹೆಚ್ಚಾಯಿತು. ಆಗ ಪಕ್ಕದ ಮನೆಯ ಮಲ್ಲಿಗಮ್ಮನವರು ಅವಳನ್ನು ನಮ್ಮ ಬಡಾವಣೆಯ ಸಮುದಾಯ ಭವನಕ್ಕೆ ಕರೆದುಕೊಂಡು ಹೋದರು. ಅಲ್ಲಿ ದೀಪಿಕ ಎಂಬ ಚುರುಕಾದ ಹುಡುಗಿ ಹೆಂಗಸರಿಗೆ ಕ್ಲಾಸು ಮಾಡುತ್ತಾಳೆ. ಊಟದ ಮಣೆಗಿಂತ ತುಸು ಎತ್ತರದ ಒಂದು ಪ್ಲಾಸ್ಟಿಕ್ ಹಲಗೆ. ಹಾಡಿಗೆ ತಕ್ಕಂತೆ ಅದರ ಮೇಲೆ ಹತ್ತಬೇಕು, ಇಳಿಯಬೇಕು, ಪಕ್ಕಕ್ಕೆ ಜಿಗಿಯಬೇಕು, ಗಿರ್ರನೆ ತಿರುಗಬೇಕು. ಇದನ್ನು ಮೋಹಿನಿ ವರ್ಣಿಸಿದಾಗ ನಮ್ಮವ್ವ ಮಾಯಮ್ಮ ಅವರೆಕಾಯಿ ಬಿಡಿಸುತ್ತಾ, "ಅತ್ತಾದು ಇಳ್ಯಾದು ಅಷ್ಟೇಯಾ? ಅದ್ಕೆ ಅಲ್ಲಿಗಂಟ ಯಾಕವ್ವ ಓಯ್ತೀಯ, ನಮ್ಮ ಜಗ್ಲಿ ಸವೆದೋಗದಾ?" ಎಂದಳು.

ಅವ್ವ ಏನೆಂದರೂ ಮೋಹಿನಿ ಅದಕ್ಕೆ ಮನಸ್ಸು ಕೊಟ್ಟುಬಿಟ್ಟಿದ್ದಳು. ಒಲೆ ಮುಂದೆ ನಿಂತಾಗಲೂ ಅವಳ ಕಾಲು ಏನೋ ಲೆಕ್ಕ ಹಾಕುತ್ತಿತ್ತು. ಒಂದೇ ಕೊರಗು ಎಂದರೆ ಅವಳನ್ನು ಕ್ಲಾಸಿನ ಕೊನೇ ಸಾಲಿನಲ್ಲಿ, ಕಂಬದ ಹಿಂದೆ ನಿಲ್ಲಿಸಿದ್ದರು. ಮಗಳು ಹೈಸ್ಕೂಲಿನಲ್ಲಿ ಹಾಕಿ ಬಿಟ್ಟಿದ್ದ ಹಳೇ ಕ್ಯಾನ್ವಾಸ್ ಶೂ ಹಾಕಿಕೊಂಡು ಅವಳು ತಿರುಗುವಷ್ಟರಲ್ಲಿ ಮಿಕ್ಕವರು ಎರಡು ಸಲ ಹತ್ತಿ ಇಳಿದಿರುತ್ತಿದ್ದರು. ಕ್ಲಾಸಿನ ವಾರ್ಷಿಕೋತ್ಸವ ಹತ್ತಿರ ಬರುತ್ತಿತ್ತು. ಸರಿಯಾದ ಶೂ ತಗೊಳ್ಳಿ ಆಂಟಿ, ಮುಂದಿನ ಸಾಲಿಗೆ ಹಾಕುತ್ತೇನೆ ಎಂದು ದೀಪಿಕ ಹೇಳಿದ್ದಳಂತೆ. ಮೋಹಿನಿ ಬಾಯಿಬಿಟ್ಟು ತನಗೆ ಇಂಥದ್ದು ಬೇಕು ಎಂದು ಕೇಳುವವಳೇ ಅಲ್ಲ. ಮುಂದಿನ ಸಾಲು ಎನ್ನುವಾಗ ಅವಳ ಮುಖ ಅರಳಿತು. ನಿನ್ನ ಕಾಲಿಗೆ ತಕ್ಕ ಶೂ ಈ ಭೂಮಂಡಲದಲ್ಲಿ ಎಲ್ಲಿದ್ದರೂ ನಾನು ಆರಿಸಿ ಕೊಡುತ್ತೇನೆ ಎಂದು ಅಲ್ಲೇ ಅಭಯ ಕೊಟ್ಟೆ. ಅವಳು ನನ್ನ ಲೋಟ ಎತ್ತಿಕೊಂಡು ಒಳಗೆ ಹೋದಳು.

ಕೊಳ್ಳುವುದನ್ನು ಒಂದು ವಾರ ಮುಂದಕ್ಕೆ ಹಾಕಿಸಿ, ಅಷ್ಟೂ ದಿನ ಮೊಬೈಲಿನಲ್ಲಿ ಅಧ್ಯಯನ ಮಾಡಿದೆ. ಅಮೆರಿಕದಿಂದ ಹಿಡಿದು ನಾಗಮಂಗಲದವರೆಗೆ ಯಾರು ಯಾರೋ ವಿಡಿಯೊ ಮಾಡಿ ಹಾಕಿದ್ದರು. ಶೂ ಹಗುರವಾಗಿರಬೇಕಂತೆ. ಮುಂಗಾಲಿನ ಕೆಳಗೆ ಮೆತ್ತಗಿರಬೇಕಂತೆ, ಏಕೆಂದರೆ ಹಲಗೆಯಿಂದ ಇಳಿದಾಗ ಭಾರ ಅಲ್ಲೇ ಬೀಳುವುದು. ಪಕ್ಕಕ್ಕೆ ಜಿಗಿದಾಗ ಕಾಲು ಉಳುಕದ ಹಾಗೆ ಎರಡೂ ಬದಿ ಗಟ್ಟಿ ಹಿಡಿದಿರಬೇಕಂತೆ. ಇಲ್ಲಿಯವರೆಗೆ ನಾನು ಒಪ್ಪಿದೆ. ಆದರೆ ಎಲ್ಲರೂ ಕೊನೆಗೆ ಒಂದು ಮಾತು ಹೇಳುತ್ತಿದ್ದರು: ತಳ ಬಹಳ ಕಚ್ಚಿ ಹಿಡಿಯುವಂಥದ್ದು ಬೇಡ, ತಿರುಗುವಾಗ ಕಾಲು ಸಲೀಸಾಗಿ ತಿರುಗಬೇಕು, ಇಲ್ಲದಿದ್ದರೆ ಮಂಡಿಗೆ ಪೆಟ್ಟು. ಇದನ್ನು ಮಾತ್ರ ನಾನು ಸಾರಾಸಗಟಾಗಿ ತಿರಸ್ಕರಿಸಿದೆ. ಅವರಾರೂ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಮಳೆಗಾಲದಲ್ಲಿ ನಡೆದವರಲ್ಲ. ಗದ್ದೆ ಬದುವಿನ ಮೇಲೆ ನಡೆದು ಬೆಳೆದ ನಮಗೆ ಗೊತ್ತು, ಮನುಷ್ಯನಿಗೆ ಕಾಲು ಕೊಟ್ಟ ದೇವರು ಜಾರುವುದನ್ನೂ ಜೊತೆಗೇ ಕೊಟ್ಟಿದ್ದಾನೆ. ಹಿಡಿತವಿಲ್ಲದ ಶೂ ಶೂವೇ ಅಲ್ಲ ಎಂದು ತೀರ್ಮಾನಿಸಿದೆ.

ಮುಂದಿನ ಭಾನುವಾರ ಸಂಜೆ ಶಿವಣ್ಣನ ಶೂ ಅಂಗಡಿಗೆ ಹೋದೆವು. ಶಿವಣ್ಣ ಪಾಪ, ಒಳ್ಳೆಯ ಮನುಷ್ಯ. ಮೇಡಂ ಕೂತ್ಕಳಿ ಎಂದು ಮೂರ್ನಾಲ್ಕು ಡಬ್ಬ ತೆಗೆದಿಟ್ಟ. ಮೋಹಿನಿ ಅದರಲ್ಲಿ ಒಂದನ್ನು, ನೀಲಿ ಪಟ್ಟಿಯ ಬಿಳಿ ಶೂವನ್ನು, ಹಾಕಿಕೊಂಡು ಟೈಲ್ಸಿನ ಮೇಲೆ ಒಂದು ಸುತ್ತು ತಿರುಗಿ ನನ್ನ ಕಡೆ ನೋಡಿದಳು. ನಾನು ಅದರ ತಳ ಮುಟ್ಟಿ ನೋಡಿ ತಲೆಯಾಡಿಸಿದೆ. ನುಣ್ಣಗಿತ್ತು. ಅದೇ ಕಂಪನಿಯ ಅದೇ ನೀಲಿ ಪಟ್ಟಿಯದರಲ್ಲಿ, ತಳದಲ್ಲಿ ಟ್ರ್ಯಾಕ್ಟರ್ ಟೈರಿನ ಹಾಗೆ ಆಳವಾದ ಹಲ್ಲುಗಳಿದ್ದ ಇನ್ನೊಂದು ಬಗೆಯಿತ್ತು. ಅದನ್ನು ಇಳಿಸಲು ಹೇಳಿದೆ. ಅದು ಬೆಟ್ಟ ಹತ್ತುವವರದು ಸಾ ಎಂದ ಶಿವಣ್ಣ. ಇವಳೂ ಹತ್ತುವವಳೇ ಎಂದೆ ನಾನು.

ಮೊದಲು ನಡಿಗೆ ಪರೀಕ್ಷೆ. ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ ಮೋಹಿನಿಯನ್ನು ಹತ್ತಿಸಿ ಇಳಿಸಿದೆ. ನಾನು ಹಿಂದಿನಿಂದ ಬಗ್ಗಿ, ಮಂಡಿಯೂರಿ ಕೂತು, ಹಿಮ್ಮಡಿ ಹೇಗೆ ಬೀಳುತ್ತದೆ ಎಂದು ನೋಡಿದೆ. ಇನ್ನೊಂದ್ಸಲ ಹತ್ತು, ಹಾಂ, ಈಗ ಬಲಕ್ಕೆ ಎಂದು ನಾನು ಹೇಳುತ್ತಿದ್ದರೆ ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತರು. ಕಬ್ಬಿನ ಲಾರಿಯೊಂದು ಕೂಡ ನಿಧಾನ ಮಾಡಿತು. ಒಬ್ಬರು ಬಂದು ಅಮ್ಮೋರಿಗೆ ಆಪ್ರೇಸನ್ ಆಗದಾ ಎಂದು ಶಿವಣ್ಣನನ್ನು ವಿಚಾರಿಸಿಕೊಂಡು ಹೋದರು. ಮೋಹಿನಿಯ ಮುಖ ಕೆಂಪಾಗಿತ್ತು. ಶ್ರಮದಿಂದ ಎಂದುಕೊಂಡೆ.

ಆಮೇಲೆ ನಮ್ಮ ಮನೆತನದ ಹೆಚ್ಚುಗಾರಿಕೆ, ಜೋಡಿ ಮಾಡುವುದು. ಆ ಡಬ್ಬದಲ್ಲಿದ್ದ ಎಡಗಾಲಿನ ಶೂ ನನ್ನ ಮನಸ್ಸಿಗೆ ಬಂತು, ಬಲಗಾಲಿನದು ಬರಲಿಲ್ಲ. ಮೇಜಿನ ಮೇಲೆ ನಿಲ್ಲಿಸಿದರೆ ಒಂದಿಷ್ಟು ವಾಲುತ್ತಿತ್ತು. ಹಲ್ಲಿನ ತಳದ್ದೇ ಇನ್ನೊಂದು ಡಬ್ಬ ತೆಗೆಸಿದೆ. ಅದರ ಬಲಗಾಲಿನದು ನೆಟ್ಟಗೆ ನಿಂತಿತು. ಇದರ ಎಡ, ಅದರ ಬಲ, ಇವೆರಡನ್ನೂ ಕೊಡು ಎಂದೆ. ಶಿವಣ್ಣ ಕಣ್ಣು ಕಣ್ಣು ಬಿಟ್ಟ. "ಸಾ, ಕಂಪ್ನಿಯೋರೇ ಜೊತೆ ಮಾಡಿ ಕಳ್ಸವ್ರೆ" ಎಂದ. ಒಬ್ಬನೇ ತಂದ ಜೋಡಿಯನ್ನು ನಾವು ಮೂರು ತಲೆಮಾರಿನಿಂದ ಕೊಂಡಿಲ್ಲ ಎಂದು ನಾನು ತಾತನ ವಿಷಯ ಹೇಳಲು ಶುರುಮಾಡಿದೆ. ಅಷ್ಟರಲ್ಲಿ ಇನ್ನೂ ನಾಲ್ಕು ಗಿರಾಕಿಗಳು ಬಂದು ಕಾಯುತ್ತಿದ್ದುದರಿಂದ ಅವನು ಬೇಗ ಒಪ್ಪಿಕೊಂಡ.

ಬೆಲೆಯ ವಿಷಯ ಬಂದಾಗ ನನ್ನ ಹೆಗಲ ಮೇಲೆ ಟವೆಲಿರಲಿಲ್ಲ. ಮೋಹಿನಿಯ ಚೂಡಿದಾರದ ವೇಲು ಕೇಳಿದೆ. ಅವಳು ಅದನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿಕೊಂಡು ಬೀದಿಯ ಕಡೆ ತಿರುಗಿ ನಿಂತಳು. ಕೊನೆಗೆ ಅಲ್ಲೇ ಇದ್ದ ಶೂ ಒರೆಸುವ ಬಟ್ಟೆಯನ್ನು ಕೈಮೇಲೆ ಹೊದಿಸಿಕೊಂಡು, ಅದರಡಿಯಿಂದ ಶಿವಣ್ಣನ ಬೆರಳು ಹಿಡಿದು ಗಂಭೀರವಾಗಿ ಅದುಮಿದೆ. ಅವನು ಬಹಳ ಸಂತೋಷಪಟ್ಟು ಎರಡೂ ಕೈಯಿಂದ ನನ್ನ ಕೈ ಕುಲುಕಿ, ಆರೋಗ್ಯವಾಗಿದೀರಾ ಸಾ ಎಂದು ಕೇಳಿದ. ಈ ತಲೆಮಾರಿಗೆ ಸಂಸ್ಕಾರವಿಲ್ಲ. ಬೆಲೆ ಅವನು ಹೇಳಿದ್ದೇ ಆಯಿತು.

ಮಾರನೆಯ ದಿನ ಸಂಜೆ ನಾನು ಕಾಲೇಜಿನಿಂದ ಬಂದಾಗ ಮೋಹಿನಿ ನಡುಮನೆಯಲ್ಲಿ ಶೂ ಹಾಕಿಕೊಂಡು ಗಿರ್ರನೆ ತಿರುಗುತ್ತಿದ್ದಳು. ಬಿಳಿ ಶೂ, ನೀಲಿ ಪಟ್ಟಿ. ಹೇಗಿದೆ ಎಂದೆ. ಗಾಳಿಯಲ್ಲಿ ನಡೆದ ಹಾಗಿದೆ ಎಂದಳು. ದೊಡ್ಡವರು ಇಂಥ ಸಮಯದಲ್ಲಿ ಜಂಬ ಕೊಚ್ಚುವುದಿಲ್ಲ. ಗೋಡೆಯ ಮೇಲಿದ್ದ ತಾತನ ಫೋಟೊ ಕಡೆ ನೋಡಿದೆ, ಅಷ್ಟೆ.

ಅಲ್ಲಿಂದ ನಮ್ಮ ಮನೆಯ ಸುವರ್ಣಯುಗ ಆರಂಭವಾಯಿತು. ಮೋಹಿನಿ ಕಂಬದ ಹಿಂದಿನಿಂದ ನಡುವಿನ ಸಾಲಿಗೆ ಬಂದಳು. ಅಲ್ಲಿಂದ ಮುಂದಿನ ಸಾಲಿಗೆ ಬಂದಳು. ದೀಪಿಕ ಮೊಬೈಲ್ ಹಾಡು ಬದಲಾಯಿಸುವಾಗ ಉಳಿದವರಿಗೆ ಹೆಜ್ಜೆ ತೋರಿಸುವುದು ಕೂಡ ಮೋಹಿನಿಯ ಪಾಲಿಗೆ ಬಂತು. ಕ್ಲಾಸಿನ ಹೆಂಗಸರು ಶೂ ಎಲ್ಲಿ ತಗೊಂಡ್ರಿ, ಹೇಗೆ ಆರಿಸಿದ್ರಿ ಎಂದು ಕೇಳಿದರೆ, ಅವಳು ನಮ್ಮೆಜಮಾನ್ರು ಆರ್ಸಿದ್ದು ಎನ್ನುತ್ತಿದ್ದಳಂತೆ. ಇದನ್ನು ನನಗೆ ಹೇಳಿದ್ದು ಮಲ್ಲಿಗಮ್ಮನವರ ಗಂಡ ಲಿಂಗಯ್ಯ. ಅವರನ್ನು ಹೆಂಡತಿ ನನ್ನ ಹತ್ತಿರ ಕಳಿಸಿದ್ದರು, ಶೂ ಆರಿಸುವುದನ್ನು ಕಲಿತು ಬರಲಿ ಎಂದು. ನಾನು ಅವರನ್ನು ಎದುರು ಕೂರಿಸಿಕೊಂಡು ಗೊರಸಿನಿಂದ ಆರಂಭಿಸಿದೆ. ಲಿಂಗಯ್ಯ ನಡುವೆ ಎರಡು ಸಲ ತೂಕಡಿಸಿದರು, ಆದರೂ ಹೊರಡುವಾಗ ಬಹಳ ವಿಷಯ ತಿಳಿತು ಎಂದರು.

ನಾನು ಆ ದಿನಗಳಲ್ಲಿ ನಡೆಯುವ ರೀತಿಯೇ ಬದಲಾಗಿತ್ತು. ಸಮುದಾಯ ಭವನದ ಮುಂದೆ ಹಾದುಹೋಗುವಾಗ ಕಾರಣವಿಲ್ಲದೆ ನಿಧಾನವಾಗುತ್ತಿದ್ದೆ. ಒಳಗಿನಿಂದ ಹಾಡು, ಹಲಗೆಯ ಮೇಲೆ ಹತ್ತಾರು ಕಾಲುಗಳ ದಪದಪ ಕೇಳಿಸಿದರೆ, ಅದರಲ್ಲಿ ಎರಡು ಕಾಲಿನ ಸದ್ದು ನನ್ನ ಆಯ್ಕೆಯದು ಎಂದು ಎದೆ ಉಬ್ಬುತ್ತಿತ್ತು. ಒಂದು ದಿನ ದೀಪಿಕಳೇ ಮನೆಗೆ ಬಂದು, ವಾರ್ಷಿಕೋತ್ಸವದ ದಿನ ಸರಿಯಾದ ಶೂ ಆರಿಸುವುದು ಹೇಗೆ ಎಂದು ನಾಲ್ಕು ಮಾತಾಡಬೇಕು ಸಾರ್ ಎಂದು ಕೇಳಿಕೊಂಡಳು. ನಾನು ಡೈರಿ ನೋಡುವವನ ಹಾಗೆ ಮೊಬೈಲು ನೋಡಿ, ಬಿಡುವು ಮಾಡಿಕೊಳ್ಳುತ್ತೇನೆ ಎಂದೆ.

ಅವತ್ತಿನಿಂದ ಮೋಹಿನಿಗೆ ಏನಾಯಿತೋ. ಬ್ಯಾಡ ಬುಡ್ರಿ, ಹೆಂಗಸರ ಕಾರ್ಯಕ್ರಮ, ನಿಮಗೆ ಮುಜುಗರ ಎಂದಳು. ನಿಮಗೆ ಗಂಟಲು ಸರಿಯಿಲ್ಲ ಎಂದಳು. (ಸರಿಯಾಗೇ ಇತ್ತು.) ಕೊನೆಗೆ ಕಾರ್ಯಕ್ರಮದ ದಿನ ಮಧ್ಯಾಹ್ನ ನನ್ನ ಇಸ್ತ್ರಿ ಮಾಡಿದ ಅಂಗಿಯನ್ನು ಕಾರಣವಿಲ್ಲದೆ ನೀರಿಗೆ ಹಾಕಿದಳು. ನಾನು ಇನ್ನೊಂದು ಅಂಗಿ ಹಾಕಿಕೊಂಡೆ. ಗಂಡನನ್ನು ಎಲ್ಲರೆದುರು ಹೊಗಳಿಸುವುದಕ್ಕೆ ಅವಳಿಗೆ ಸಂಕೋಚ ಎಂದು ತಿಳಿದೆ.

ಸಮುದಾಯ ಭವನ ತುಂಬಿತ್ತು. ಅವ್ವ ಮುಂದಿನ ಕುರ್ಚಿಯಲ್ಲಿ ಕೂತಿದ್ದಳು. ಬಹುಮಾನಗಳನ್ನು ತನ್ನ ಖರ್ಚಿನಲ್ಲಿ ಕೊಡಿಸಿದವನೆಂದು ಶಿವಣ್ಣನನ್ನು ವೇದಿಕೆಯ ಮೇಲೆ ಕೂರಿಸಿದ್ದರು. ಹಾಡು ಶುರುವಾಯಿತು, ಹೆಂಗಸರು ಹಲಗೆಗಳ ಹಿಂದೆ ಸಾಲಾಗಿ ನಿಂತರು. ಮೋಹಿನಿ ಮುಂದಿನ ಸಾಲಿನ ನಡುವೆ. ಸಕ್ಕರೆ ಹೆಚ್ಚಾಗುತ್ತದೆ ಎಂದು ಡಾಕ್ಟರು ಹೆದರಿಸಿದಾಗ ಆಸ್ಪತ್ರೆಯ ಬೆಂಚಿನ ಮೇಲೆ ಸೆರಗಿನ ತುದಿ ಸುತ್ತಿಕೊಳ್ಳುತ್ತಾ ಕೂತಿದ್ದವಳು ಇವಳೇನಾ ಅನ್ನಿಸಿತು. ಹತ್ತುವಾಗ ಹೂವೆತ್ತಿದ ಹಾಗೆ, ಇಳಿಯುವಾಗ ಸದ್ದಿಲ್ಲ, ತಿರುಗಿದರೆ ಮೈಯೆಲ್ಲ ಒಟ್ಟಿಗೆ ತಿರುಗುತ್ತಿತ್ತು. ಪಕ್ಕದವರು ಒಂದು ಹೆಜ್ಜೆ ತಪ್ಪಿದಾಗ ಅವಳು ನಗುತ್ತಾ ಕಣ್ಣಲ್ಲೇ ತಿದ್ದಿದಳು. ನನಗೆ ಹೆಮ್ಮೆಯಾಯಿತು. ಇದು ನಾನು ಸ್ಟಾಫ್ ರೂಮಿನಲ್ಲಿ ಪಡುವ ಹೆಮ್ಮೆಯಲ್ಲ, ಯಾರಿಗೂ ಹೇಳಿಕೊಳ್ಳಬೇಕು ಅನ್ನಿಸದಂಥದ್ದು. ಅವ್ವ ಪಕ್ಕದವರ ಮೊಣಕೈ ತಿವಿದು, ಅವ್ಳು ನಮ್ಮ ಸೊಸೆ ಎಂದು ಹೇಳುತ್ತಿದ್ದಳು.

ಅಷ್ಟಕ್ಕೇ ನಾನು ಮನೆಗೆ ಹೋಗಿದ್ದರೆ ಚೆನ್ನಾಗಿತ್ತು. ಆದರೆ ನನ್ನ ಹೆಸರು ಕರೆದರು. ನಾನು ಮೈಕು ಹಿಡಿದು ಹಳ್ಳಿಕಾರ್ ಎತ್ತಿನ ತಳಿಯಿಂದ ಆರಂಭಿಸಿದೆ. ಹಿಡಿತವೇ ಶೂವಿನ ಪ್ರಾಣ ಎಂದೆ. ವಿಡಿಯೊ ನೋಡಿ ನುಣ್ಣಗಿನ ತಳದ ಶೂ ಕೊಳ್ಳುವವರು ಮೋಸ ಹೋಗುತ್ತಾರೆ ಎಂದೆ. ಕಂಪನಿಯವರು ಮಾಡಿದ ಜೋಡಿಯನ್ನು ನಂಬಬೇಡಿ, ಎಡ ಒಂದು ಡಬ್ಬದಿಂದ, ಬಲ ಇನ್ನೊಂದು ಡಬ್ಬದಿಂದ ತೆಗೆದು ನೀವೇ ಜೋಡಿ ಮಾಡಿ ಎಂದೆ. ಕೆಲವು ಹೆಂಗಸರು ಮುಖ ಮುಖ ನೋಡಿಕೊಂಡರು. ಹೊಸ ವಿಚಾರ ಒಳಗಿಳಿಯುವುದು ನಿಧಾನ. ಈಗಷ್ಟೇ ಎಲ್ಲರ ಕಣ್ಣಿಗೆ ಹಬ್ಬ ಮಾಡಿದ ಆ ಶೂಗಳನ್ನೇ ತೋರಿಸುತ್ತೇನೆ ಎಂದು ಮೋಹಿನಿಯನ್ನು ಕರೆದೆ.

ಅವಳು ಅಲ್ಲಾಡಲಿಲ್ಲ. ಲೇಸು ಗಂಟು ಬಿದ್ದಿದೆ ಎಂದಳು. ನಾನೇ ಬಿಚ್ಚುತ್ತೇನೆ ಎಂದೆ. ಆಮೇಲೆ ತೋರಿಸಿದರಾಗದಾ ಎಂದು ಹಲ್ಲು ಕಚ್ಚಿ ಮೆಲ್ಲಗೆ ಹೇಳಿದಳು. ಇಷ್ಟು ಜನ ಕಾಯುತ್ತಿದ್ದಾರೆ ಎಂದು ನಾನು ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಎಲ್ಲರೆದುರು ಮಂಡಿಯೂರಿ, ಎರಡೂ ಶೂ ಬಿಚ್ಚಿಕೊಂಡೆ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಎದ್ದು ಒಂದೊಂದು ಕೈಯಲ್ಲಿ ಒಂದೊಂದು ಶೂ ಎತ್ತಿ, ತಳವನ್ನು ಸಭೆಯ ಕಡೆ ತಿರುಗಿಸಿ, "ನೋಡಿ, ಈ ಹಲ್ಲುಗಳ ಆಳ ನೋಡಿ" ಎಂದೆ.

ಸಭೆ ನೋಡಿತು. ಒಂದು ಗಳಿಗೆಯಾದ ಮೇಲೆ ನಾನೂ ತಿರುಗಿಸಿ ನೋಡಿದೆ. ಹಲ್ಲಿರಲಿಲ್ಲ. ಎರಡೂ ತಳ ನುಣ್ಣಗೆ, ಮುದ್ದಾಗಿ, ಒಂದನ್ನೊಂದು ಹೋಲುತ್ತಾ ಇದ್ದವು. ಸವೆದಿರಬೇಕು ಎಂದು ಮೈಕಿನಲ್ಲಿ ಹೇಳಿದೆ. ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು. ಶಿವಣ್ಣ, ಪಾಪ, ನನ್ನನ್ನು ಕಾಪಾಡಬೇಕೆಂದೇ ಎದ್ದು ನಿಂತ. "ಸಾ, ಅದು ನೀವ್ ಆರ್ಸಿದ್ದಲ್ಲ ಸಾ. ನೀವ್ ಆರ್ಸಿದ್ನ ಮೇಡಂ ಮಾರ್ನೆ ದಿನ್ವೇ ತಂದು ಬದ್ಲಾಯಿಸ್ಕಂಡ್ರು. ನೀವ್ ತಗಂಡಿದ್ದು ಎಡಗಾಲ್ದು ಐದು, ಬಲಗಾಲ್ದು ಆರು ನಂಬರು ಇತ್ತು. ನಮ್ದೇನ್ ತೊಂದ್ರೆ ಇಲ್ಲ ಬುಡಿ, ಅದದ್ರ ಡಬ್ಬಕ್ಕೆ ವಾಪಸ್ ಸೇರ್ಸುದ್ವಿ" ಎಂದ.

ನಗು ಹೇಗೆ ಬಂತು ಎಂದು ವರ್ಣಿಸುವುದಕ್ಕೆ ನನಗೆ ಮನಸ್ಸಿಲ್ಲ. ಲಿಂಗಯ್ಯನವರು ಅವತ್ತು ತೂಕಡಿಸಲಿಲ್ಲ ಎಂದಷ್ಟೇ ಹೇಳುತ್ತೇನೆ. ನಾನು ಎರಡೂ ಕೈ ಮೇಲೆತ್ತಿಕೊಂಡು ಹಾಗೇ ನಿಂತಿದ್ದೆ. ಮೂರು ತಾಲ್ಲೂಕಿನ ಹೆಸರು ಕಣ್ಣೆದುರೇ ನೆಲಕ್ಕೆ ಬಿತ್ತು.

ಆಗ ಮೋಹಿನಿ ಬರೀ ಸಾಕ್ಸಿನ ಕಾಲಿನಲ್ಲಿ ಬಂದು ನನ್ನಿಂದ ಮೈಕು ತೆಗೆದುಕೊಂಡಳು. ಅವಳು ಮೈಕು ಹಿಡಿದದ್ದು ಜೀವನದಲ್ಲಿ ಅದೇ ಮೊದಲು. "ನಗ್ರಿ, ಪರ್ವಾಗಿಲ್ಲ" ಎಂದಳು. "ಇವ್ರು ಒಂದ್ ವಾರ ಪೂರ್ತಿ ವಿಡಿಯೊ ನೋಡಿ, ನನ್ ಜೊತೆ ಅಂಗ್ಡೀಗ್ ಬಂದು, ರಸ್ತೇಲಿ ಜನ ನಿಂತ್ರೂ ಬುಡದೆ ನನ್ನ ಕಾಲ್ ಹಿಂದೆ ಮಂಡಿಯೂರಿ ಕೂತು ನೋಡುದ್ರು. ನಿಮ್ಮೆಜಮಾನ್ರು ಯಾರಾದ್ರೂ ಅಂಗ್ ಮಾಡಿದ್ರೆ ಕೈ ಎತ್ತಿ." ಒಂದು ಕೈಯೂ ಮೇಲೆ ಬರಲಿಲ್ಲ. ಮಲ್ಲಿಗಮ್ಮನವರು ಲಿಂಗಯ್ಯನವರ ಕಡೆ ತಿರುಗಿ ನೋಡಿದರು, ಅವರು ಚಾವಣಿ ನೋಡಿದರು. ಆಮೇಲೆ ಚಪ್ಪಾಳೆ ಬಿತ್ತು. ನನಗೋ ಅವಳಿಗೋ ಗೊತ್ತಿಲ್ಲ. ನಾನು ಇಬ್ಬರ ಪರವಾಗಿಯೂ ತಲೆ ಬಾಗಿಸಿದೆ.

ಆದರೆ ಮನೆಗೆ ಬಂದ ಮೇಲೆ ವಿಚಾರಣೆ ನಡೆಯಲೇಬೇಕಲ್ಲ. ಅವ್ವ ಕಾಲು ಚಾಚಿಕೊಂಡು ಗೋಡೆಗೆ ಒರಗಿದ್ದಳು. ಮೋಹಿನಿ ಮುದ್ದೆಗೆ ಎಸರಿಟ್ಟಿದ್ದಳು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು, ಶೂ ಒಂದೇ ತಾನೇ ಎಂದು ಕೇಳಿದೆ. ಅವಳು ಎಸರಿಗೆ ಉಪ್ಪು ಹಾಕಿದಳು. ಮಿಕ್ಸಿ ಎಂದೆ. ಅದರಲ್ಲಿ ತಂದ ದಿನವೇ ಹೊಗೆ ಬಂತು, ಬದಲಾಯಿಸಿದೆ ಎಂದಳು. ಕುಕ್ಕರು? ಮುಚ್ಚಳ ಕೂರುತ್ತಿರಲಿಲ್ಲವಂತೆ. ಕಿಟಕಿ ಪರದೆ? ಗಿಡ್ಡವಂತೆ. ರೇಷ್ಮೆ ಸೀರೆ ಎಂದಾಗ ನನ್ನ ದನಿ ನನಗೇ ಕೇಳಿಸಲಿಲ್ಲ. ನೀವು ತಂದದ್ದು ಅತ್ತೆ ಉಟ್ಟರೂ ಇನ್ನಷ್ಟು ವಯಸ್ಸಾದ ಹಾಗೆ ಕಾಣುವ ಬಣ್ಣ ಎಂದಳು. ಹೋಗಲಿ, ಕಲ್ಲಂಗಡಿ ಹಣ್ಣನ್ನೂ ಬದಲಾಯಿಸುತ್ತೀಯಾ ಎಂದೆ. ಹಣ್ಣಿನವನು ನಮ್ಮ ಬೀದಿಗೇ ಬರುತ್ತಾನಲ್ಲ ಎಂದಳು ಮೆಲ್ಲಗೆ.

ನಾನು ಅಲ್ಲೇ ಇದ್ದ ಅಕ್ಕಿ ಡ್ರಮ್ಮಿನ ಮೇಲೆ ಕೂತೆ. (ಅದು ನಾನು ಆರಿಸಿದ್ದೋ ಅಲ್ಲವೋ ಕೇಳಲು ಧೈರ್ಯ ಬರಲಿಲ್ಲ.) ಇಷ್ಟು ವರ್ಷ ನನಗೆ ಒಂದು ಮಾತು ಹೇಳಬಾರದಿತ್ತೇ ಎಂದೆ. ಮೋಹಿನಿ ಒಲೆ ಸಣ್ಣ ಮಾಡಿ ನನ್ನ ಕಡೆ ತಿರುಗಿದಳು.

"ಆರ್ಸೋವಾಗ ನಿಮ್ ಮಖ ನೀವ್ ನೋಡ್ಕಂಡಿಲ್ಲ" ಎಂದಳು. "ಸಾಮಾನ್ನಾದ್ರೆ ಬದ್ಲಾಯಿಸ್ಬೋದು. ಆ ಸಂತೋಸ ಕಿತ್ಕೊಳಕ್ಕೆ ನನ್ ಕೈಲಾಗ್ನಿಲ್ಲ."

ಈ ಮಾತಿಗೆ ಬೇರೆ ಯಾವ ಗಂಡನಾದರೂ ಕರಗಿ ಸುಮ್ಮನಾಗುತ್ತಿದ್ದ. ನಾನೂ ಕರಗಿದೆ, ಆದರೆ ಸುಮ್ಮನಾಗಲಿಲ್ಲ. ಪುಟ್ಟಮಾದಯ್ಯನವರ ಮೊಮ್ಮಗ ಬರಿಗೈಯಲ್ಲಿ ಏಳುವುದುಂಟೇ? ನನ್ನ ಕೈಯಲ್ಲಿ ಇನ್ನೊಂದು ಆಯ್ಕೆ ಉಳಿದಿತ್ತು, ಅದನ್ನು ಯಾವ ಅಂಗಡಿಯವನೂ ಅಲ್ಲ ಎನ್ನುವಂತಿರಲಿಲ್ಲ. ನಾನು ಎದ್ದು ನಿಂತು, ಎದೆ ಸೆಟೆಸಿ, ನಡುಮನೆಯಲ್ಲಿ ಕೂತಿದ್ದ ಅವ್ವನಿಗೂ ಕೇಳುವ ಹಾಗೆ ಹೇಳಿದೆ: ಮಿಕ್ಸಿ ಹೋಗಲಿ, ಸೀರೆ ಹೋಗಲಿ, ಶೂ ಹೋಗಲಿ. ಇವತ್ತು ಮುಂದಿನ ಸಾಲಿನಲ್ಲಿ ಕುಣಿದು ಊರೆಲ್ಲರಿಂದ ಹೊಗಳಿಸಿಕೊಂಡಳಲ್ಲ, ಈ ಮೋಹಿನಿಯನ್ನು ಆರಿಸಿದವನು ಯಾರು? ನಾನು. ಈ ಒಂದು ಆಯ್ಕೆ ಸಾಕು ನಮ್ಮ ವಂಶಕ್ಕೆ.

ಮೋಹಿನಿ ನಾಚಿ ನಕ್ಕಳು. ಮುದ್ದೆ ಕೋಲು ಹಿಡಿದವಳು ತಲೆ ತಗ್ಗಿಸಿ ನಿಂತಳು. ನನಗೆ ಎಲ್ಲವೂ ವಾಪಸು ಬಂದ ಹಾಗಾಯಿತು. ಆಗ ಅವ್ವ ಕುಳಿತಲ್ಲಿಂದಲೇ, ಎಲೆಗೆ ಸುಣ್ಣ ಸವರುತ್ತಾ, ಬಾಯಿ ತೆರೆದಳು.

"ಏನ್ಲಾ ಬುಡ್ತೀಯ. ನೀನ್ ಒಪ್ಕಂಡ್ ಬಂದಿದ್ದು ಸೋಮ್ನಳ್ಳಿ ಉಡ್ಗೀನಲ್ವೇನ್ಲಾ?"

ಮೋಹಿನಿ ತಲೆ ಎತ್ತಿದಳು. ಅವ್ವ ಸಾವಕಾಶವಾಗಿ ಮುಂದುವರಿಸಿದಳು. "ಬಸ್ಸಲ್ಲಿ ಬರೋವಾಗ ಅವ್ಳೇ ಆಗ್ಬೇಕು ಅಂತ ಕುಣೀತಿದ್ದೆ. ಆಮ್ಯಾಕೆ ಜಾತ್ಕದ ಸಾಲಾವಳಿ ಬರ್ನಿಲ್ಲ ಅಂತ ನಿಂಗೇಳುದ್ವಲ್ಲ, ಸಾಲಾವಳಿ ಕೇಳುದ್ದೋರ್ ಯಾರ್ಲಾ? ನಿಮ್ಮಪ್ಪನೂ ನಾನೂ ಮಾರ್ನೆ ದಿವ್ಸ ಬಸ್ ಅತ್ಕಂಡೋಗಿ ಅಲ್ಲಿ ಬ್ಯಾಡ ಅಂದ್ಬುಟ್ಟು, ಅಂಗೇ ಮಳವಳ್ಳಿಗೋಗಿ ಇವ್ಳ ಮಾತಾಡ್ಕಂಡ್ ಬಂದೋ. ಆಮ್ಯಾಕಲ್ವಾ ನಿನ್ ಕರ್ಕಂಡೋಗಿ ತೋರ್ಸಿದ್ದು."

ನನ್ನ ಇಡೀ ಬದುಕಿನ ಒಂದೇ ಒಂದು ಸರಿಯಾದ ಆಯ್ಕೆಯೂ ಬದಲಾಯಿಸಿದ್ದೇ ಎಂದು ನನಗೆ ತಿಳಿದದ್ದು ಹೀಗೆ. ಅವ್ವನ ಮೇಲೆ ಸಿಟ್ಟು ಬರಲಿಲ್ಲ. ನಿಜ ಹೇಳಬೇಕೆಂದರೆ ಎದ್ದು ಹೋಗಿ ಅವಳ ಕಾಲಿಗೆ ಬೀಳೋಣ ಅನ್ನಿಸಿತು, ಅಷ್ಟು ಒಳ್ಳೆಯ ಕೆಲಸ ಮಾಡಿದ್ದಳು. ಆದರೆ ಅದಕ್ಕೆ ಪುರಸೊತ್ತು ಸಿಗಲಿಲ್ಲ. ನಾನು ನೋಡಿದ ಮೊದಲನೆಯ ಹುಡುಗಿಯೂ ಕೊನೆಯ ಹುಡುಗಿಯೂ ನೀನೇ ಎಂದು ಮದುವೆಯಾದ ಹೊಸದರಲ್ಲಿ ಮೋಹಿನಿಗೆ ಹೇಳಿದ್ದೆ. ಆಮೇಲೆ ಪ್ರತಿ ವರ್ಷ ಮದುವೆಯ ದಿನ ಅವಳೇ ಕೇಳಿ ಮತ್ತೆ ಮತ್ತೆ ಹೇಳಿಸಿಕೊಂಡಿದ್ದಳು.

ಮೋಹಿನಿ ಒಲೆ ಆರಿಸಿದಳು. ಮುದ್ದೆ ಕೋಲು ಕೈಯಲ್ಲೇ ಇತ್ತು. ಅಡುಗೆಮನೆಯ ಹೊಸ್ತಿಲು ದಾಟಿ, ಆ ನುಣ್ಣಗಿನ ತಳದ ಶೂ ಕಲಿಸಿದ ಹಗುರ ಹೆಜ್ಜೆಯಲ್ಲಿ, ಸದ್ದೇ ಇಲ್ಲದೆ ನನ್ನ ಮುಂದೆ ಬಂದು ನಿಂತಳು.

"ಯಾರ್ರೀ ಅದು, ಸೋಮ್ನಳ್ಳಿ ಉಡ್ಗಿ?"

ಅವ್ವ ಎಲೆ ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಉತ್ತರವನ್ನು ನಾನೇ ಆರಿಸಬೇಕಾಗಿದೆ, ಮತ್ತು ಒಂದು ಸಲ ಬಾಯಿಂದ ಹೊರಬಿದ್ದರೆ ಇದನ್ನು ಬದಲಾಯಿಸಿ ಕೊಡುವವರು ನಮ್ಮ ಮನೆಯಲ್ಲಿ ಇನ್ನು ಯಾರೂ ಇಲ್ಲ.